ಗಾಳಿಗೆ ಎದೆ ಕೊಡೋರು

ನನಗೆ ಸೈಕಲ್ ರೇಸ್ ನೋಡೋ ಹುಚ್ಚಿದೆ ಅಂದ ಕೂಡ್ಲೇ ಸ್ನೇಹಿತರು ಕೇಳೋ ಪ್ರಶ್ನೆ ಒಂದೇ. "ಅದ್ರಲ್ಲಿ ನೋಡೋಕೆ ಎಂತ ಇದೆ ಮಾರಾಯಾ? ಐದಾರು ಗಂಟೆ ಎಲ್ರೂ ಗುಂಪಲ್ಲಿ ತುಳೀತಾರೆ, ಕೊನೇಲಿ ಯಾರೋ ಒಬ್ಬ ಗೆಲ್ತಾನೆ." ಟೆಸ್ಟ್ ಕ್ರಿಕೆಟ್ಟನ್ನ ಐದು ದಿನ ಕೂತು ನೋಡೋರು ಹೀಗೆ ಕೇಳೋದು ತಮಾಷೆನೇ :) ಎರಡನೇ ಪ್ರಶ್ನೆ ಮಾತ್ರ ಒಳ್ಳೇದು. "ಗೆಲ್ಲೋನು ಒಬ್ಬ ಅಂದ್ಮೇಲೆ ತಂಡ ಯಾಕೆ?"

ಇದಕ್ಕೆ ಉತ್ತರ ಪುಸ್ತಕದಿಂದ ಕಲಿಯೋ ಮೊದಲೇ ನನಗೆ ಕುಪ್ಪಗಡ್ಡೆ ರಸ್ತೆಯಲ್ಲಿ ಸಿಕ್ಕಿತ್ತು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತಲ್ಲ (ಆಗ ಹಣಕಾಸು ಮಂತ್ರಿ ನಮ್ಮ ಪಕ್ಕದ ಶಿಕಾರಿಪುರದ ಯಡಿಯೂರಪ್ಪನವರು), ಮುಂದಿನ ವರ್ಷ ನನಗೂ ಒಂದು ಬಂತು. ಅಣ್ಣನ ಹತ್ರ ಅಪ್ಪನ ಹಳೇ ಸೈಕಲ್ಲಿತ್ತು. ಆಷಾಢದ ಗಾಳಿ ಗೊತ್ತಲ್ಲ, ಬಯಲಿನ ಗದ್ದೆ ಮಧ್ಯೆ ರಸ್ತೆ ಹಾದುಹೋಗೋ ಕಡೆ ಸೈಕಲ್ಲು ಹಿಂದಕ್ಕೇ ಹೋಗ್ತಿದೆಯೇನೋ ಅನ್ನಿಸುತ್ತೆ. ಅಂಥ ಕಡೆ ಅಣ್ಣ ಹೇಳ್ತಿದ್ದ, "ತಮ್ಮಾ, ನನ್ನ ಹಿಂದಿನ ಗಾಲಿಗೆ ಅಂಟ್ಕೊಂಡು ಬಾ." ಅಂಟ್ಕೊಂಡ್ರೆ ಗಾಳಿನೇ ಇಲ್ಲ! ಎರಡು ಮಾರು ಹಿಂದೆ ಬಿದ್ರೆ ಮತ್ತೆ ಎದೆಗೆ ಗುದ್ದೋದು.

ವೃತ್ತಿಪರ ರೇಸಿನ ಇಡೀ ತಂತ್ರ ನಿಂತಿರೋದು ಇಷ್ಟರ ಮೇಲೇ. ಮುಂದಿರೋನ ಹಿಂದೆ ಸರಿಯಾಗಿ ಕೂತವನಿಗೆ ಕಾಲು ಭಾಗದಿಂದ ಮೂರರಲ್ಲೊಂದು ಭಾಗದಷ್ಟು ಶಕ್ತಿ ಉಳಿಯುತ್ತೆ. ದೊಡ್ಡ ಗುಂಪಿನ ಹೊಟ್ಟೆಯೊಳಗಿದ್ರೆ ಇನ್ನೂ ಹೆಚ್ಚು. ಟೂರ್ ಡಿ ಫ್ರಾನ್ಸ್ ಅಂದ್ರೆ 21 ಹಂತ, ಹೆಚ್ಚುಕಮ್ಮಿ 3,400 ಕಿ.ಮೀ. ಅಷ್ಟು ದೂರ ಒಬ್ಬನೇ ಗಾಳಿಗೆ ಎದೆ ಕೊಟ್ಟು ಗೆಲ್ಲೋಕೆ ಯಾವ ಭೀಮನಿಗೂ ಆಗಲ್ಲ. ಅದಕ್ಕೇ ತಂಡದ ಎಂಟು ಜನರಲ್ಲಿ ಒಬ್ಬ ನಾಯಕ, ಉಳಿದೋರು ಅವನಿಗಾಗಿ ಗಾಳಿ ತಡೆಯೋರು. ಹಿಂದೆ ಬರೋ ತಂಡದ ಕಾರಿಂದ ನೀರಿನ ಬಾಟಲಿಗಳನ್ನ ಅಂಗಿಯೊಳಗೆಲ್ಲಾ ತುರುಕಿಕೊಂಡು ಬರೋರು ಇವ್ರು. ನಾಯಕನ ಗಾಲಿ ಪಂಕ್ಚರ್ ಆದ್ರೆ ತಮ್ಮ ಗಾಲಿನೇ ಬಿಚ್ಚಿ ಕೊಡೋರೂ ಇವ್ರೇ. ಇವರಿಗೆ ಫ್ರೆಂಚಲ್ಲಿ 'ಡೊಮೆಸ್ಟೀಕ್' ಅಂತಾರೆ, ಅಂದ್ರೆ ಮನೆ ಆಳು. ಹೆಸರು ಕೇಳೋಕೆ ಚೆನ್ನಾಗಿಲ್ಲ, ಆದ್ರೆ ಅವರೇ ಅದನ್ನ ಹೆಮ್ಮೆಯಿಂದ ಹೇಳ್ಕೋತಾರೆ.

ಇನ್ನು ಬ್ರೇಕ್‌ಅವೇ. ಬೆಳಿಗ್ಗೆ ಬಾವುಟ ಬೀಸಿದ ಕೂಡ್ಲೇ ನಾಲ್ಕೈದು ಜನ ಗುಂಪು ಬಿಟ್ಟು ಓಡಿಹೋಗ್ತಾರೆ. ಉಳಿದ ನೂರೈವತ್ತು ಜನಕ್ಕೆ ಅವರನ್ನ ಹಿಡಿಯೋಕೆ ಆಗಲ್ಲ ಅಂತಲ್ಲ, ಬೇಕಂತಲೇ ಬಿಡ್ತಾರೆ! ಒಟ್ಟು ಸಮಯದಲ್ಲಿ ತುಂಬಾ ಹಿಂದಿರೋರು ಓಡಿದ್ರೆ ಯಾರಿಗೂ ಚಿಂತೆ ಇಲ್ಲ. ಮೂರು ನಾಲ್ಕು ನಿಮಿಷದ ಹಗ್ಗ ಕೊಟ್ಟು ಮೇಯೋಕೆ ಬಿಟ್ಟ ಹಾಗೆ. ಆಮೇಲೆ ಸಂಜೆ ಹಗ್ಗ ಎಳೆಯೋದು. ಇದಕ್ಕೊಂದು ಲೆಕ್ಕಾನೂ ಇದೆ. ಫ್ರಾನ್ಸಿನ ಹಳೇ ಸವಾರ, ಆಮೇಲೆ ವೀಕ್ಷಕ ವಿವರಣೆಕಾರನಾದ ರೊಬೆರ್ ಶಾಪತ್ ಹೆಸರಲ್ಲಿ ಅದು ಪ್ರಸಿದ್ಧ: ಕೊನೆಯ 10 ಕಿ.ಮೀ.ಗೆ ಒಂದು ನಿಮಿಷಕ್ಕಿಂತ ಕಮ್ಮಿ ಅಂತರ ಇದ್ರೆ ಓಡಿಹೋದವ್ರು ಸಿಕ್ಕಿಬೀಳ್ತಾರೆ. ಎಷ್ಟೋ ಸಲ ಕೊನೇ ಒಂದು ಕಿಲೋಮೀಟರಲ್ಲಿ ಸಿಕ್ಕಿಬೀಳೋದನ್ನ ನೋಡಿ ಹೊಟ್ಟೆ ಉರಿದಿದೆ ನಂಗೆ.

ಹಗ್ಗ ಜಾಸ್ತಿ ಬಿಟ್ಟು ಕೆಟ್ಟ ಕತೆ ಅಂದ್ರೆ 2006ರ ಟೂರ್. 13ನೇ ಹಂತ, ಬೆಜಿಯೆಯಿಂದ ಮೊಂತೆಲಿಮಾರ್‌ವರೆಗೆ 230 ಕಿ.ಮೀ. ಹಳದಿ ಅಂಗಿ ಫ್ಲಾಯ್ಡ್ ಲ್ಯಾಂಡಿಸ್ ಮೈಮೇಲಿತ್ತು. ದಿನಾ ಗುಂಪಿನ ಮುಂದೆ ನಿಂತು ಅದನ್ನ ಕಾಯೋ ಕೆಲಸದಿಂದ ಅವನ ತಂಡಕ್ಕೆ ಸುಸ್ತು. ಯಾರಾದ್ರೂ ಕೆಲ ದಿನ ಹಾಕ್ಕೊಳ್ಳಲಿ, ಕೆಲಸ ಅವರ ತಂಡ ಮಾಡ್ಲಿ, ಬೆಟ್ಟ ಬಂದಾಗ ವಾಪಸ್ ಕಿತ್ಕೊಂಡ್ರಾಯ್ತು ಅನ್ನೋ ಲೆಕ್ಕ. ಓಡಿಹೋದವರಲ್ಲಿ ಸ್ಪೇನಿನ ಒಸ್ಕರ್ ಪೆರೇರೊ ಇದ್ದ, 28 ನಿಮಿಷಕ್ಕೂ ಹೆಚ್ಚು ಹಿಂದಿದ್ದವನು. ಹಿಂದಿನ ಗುಂಪು ಗುರಿ ಮುಟ್ಟುವಾಗ 29 ನಿಮಿಷ 57 ಸೆಕೆಂಡು ಕಳೆದುಹೋಗಿತ್ತು! ಪೆರೇರೊಗೆ ಹಳದಿ ಅಂಗಿ. ಪ್ಯಾರಿಸ್ಸಲ್ಲಿ ಲ್ಯಾಂಡಿಸ್ ಅವನನ್ನ 57 ಸೆಕೆಂಡಿನಿಂದ ಸೋಲಿಸಿದನೇನೋ ಹೌದು, ಆದ್ರೆ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು 2007ರಲ್ಲಿ ಪಟ್ಟ ಕಳ್ಕೊಂಡ. ದಾನ ಕೊಟ್ಟ ಅರ್ಧ ಗಂಟೆಯಿಂದ ಪೆರೇರೊ ಟೂರ್ ವಿಜೇತ.

ನಮ್ಮಲ್ಲಿ ಇಂಥ ಆಟ ನೋಡೋ ಅವಕಾಶ ಕಮ್ಮಿ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗೀರು ರಾಷ್ಟ್ರೀಯ ಮಟ್ಟದಲ್ಲಿ ವರ್ಷಗಳಿಂದ ಪದಕ ತರ್ತಿದ್ದಾರೆ. ಬೆಂಗಳೂರಿನ ನವೀನ್ ಜಾನ್ ರಾಷ್ಟ್ರೀಯ ಚಾಂಪಿಯನ್ ಆಗಿ ಹೊರದೇಶದ ತಂಡದಲ್ಲೂ ಸವಾರಿ ಮಾಡಿದ್ರು. 2008ರಲ್ಲಿ ಶುರುವಾದ 'ಟೂರ್ ಆಫ್ ನೀಲ್ಗಿರೀಸ್' ಮಸಿನಗುಡಿಯಿಂದ ಊಟಿಗೆ ಹತ್ತೋ ಕಲ್ಲಟ್ಟಿ ಘಾಟಿಗೆ ಹೆಸರುವಾಸಿ, ಆದ್ರೆ ಅದು ರೇಸಿಗಿಂತ ಹೆಚ್ಚಾಗಿ ಸವಾರಿ. 2026ರ ಜನವರಿಯಲ್ಲಿ ಪುಣೆಯಲ್ಲಿ ಅಂತಾರಾಷ್ಟ್ರೀಯ ಸ್ಟೇಜ್ ರೇಸ್ ನಡೆಯಿತು. ಕರ್ನಾಟಕದಲ್ಲೂ ಒಂದು ಆಗಲಿ ಅಂತ ಆಸೆ. ಶಿವಮೊಗ್ಗದಿಂದ ಹೊರಟು ಸೊರಬದ ಮೇಲೆ ಬನವಾಸಿಗೆ ಒಂದು ಹಂತ... ಕನಸು ಕಾಣೋಕೆ ಕಾಸಾ?

ಈಗ ನಾನು ನಿಜಕ್ಕೂ ಬರೀಬೇಕು ಅಂತ ಕೂತ ವಿಷಯಕ್ಕೆ ಬರ್ತೀನಿ. 2025ರ ಮೇ 31, ಇಟಲಿಯ 'ಜೀರೋ'ದ 20ನೇ ಹಂತ. ಆ ವಾರ ನಾನು ಊರಲ್ಲಿದ್ದೆ. ಮುಂಗಾರು ಬೇಗ ಬಂದಿತ್ತು, ಕರೆಂಟ್ ಹೋಗಿತ್ತು, ಫೋನಲ್ಲಿ ನೆಟ್‌ವರ್ಕ್ ಮಾತ್ರ ಪುಣ್ಯಕ್ಕೆ ಇತ್ತು. ಜಗಲಿ ಮೇಲೆ ಅಣ್ಣನೂ ಪಕ್ಕಕ್ಕೆ ಬಂದು ಕೂತ.

ಗುಲಾಬಿ ಅಂಗಿ ಮೆಕ್ಸಿಕೋದ 21ರ ಹುಡುಗ ಇಸಾಕ್ ಡೆಲ್ ಟೋರೊ ಮೈಮೇಲೆ. 43 ಸೆಕೆಂಡು ಹಿಂದೆ ಎಕ್ವಡಾರಿನ ರಿಚರ್ಡ್ ಕರಾಪಾಸ್. 1 ನಿಮಿಷ 21 ಸೆಕೆಂಡು ಹಿಂದೆ ಇಂಗ್ಲೆಂಡಿನ ಸೈಮನ್ ಯೇಟ್ಸ್. ದಾರಿಯಲ್ಲಿ ಫಿನೆಸ್ಟ್ರೆ ಬೆಟ್ಟ: 18 ಕಿ.ಮೀ.ಗೂ ಹೆಚ್ಚಿನ ಏರು, ಕೊನೇ 8 ಕಿ.ಮೀ. ಮಣ್ಣಿನ ರಸ್ತೆ. 2018ರಲ್ಲಿ ಇದೇ ಬೆಟ್ಟದಲ್ಲಿ ಗುಲಾಬಿ ಅಂಗಿ ಹಾಕಿದ್ದ ಯೇಟ್ಸ್ ಕುಸಿದುಹೋಗಿದ್ದ, ಕ್ರಿಸ್ ಫ್ರೂಮ್ 80 ಕಿ.ಮೀ. ಒಬ್ಬನೇ ಓಡಿ ರೇಸ್ ಗೆದ್ದಿದ್ದ. ಯೇಟ್ಸ್ ಅವತ್ತು 38 ನಿಮಿಷಕ್ಕೂ ಹೆಚ್ಚು ಕಳ್ಕೊಂಡಿದ್ದ.

ಯೇಟ್ಸ್ ತಂಡದವ್ರು ಈ ಸಲ ಬೆಳಿಗ್ಗೆಯೇ ಒಂದು ಕೆಲಸ ಮಾಡಿದ್ರು. ಬೆಲ್ಜಿಯಮ್ಮಿನ ಗಟ್ಟಿ ಆಳು ವೌಟ್ ವಾನ್ ಆರ್ಟ್‌ನನ್ನ ಬ್ರೇಕ್‌ಅವೇ ಜೊತೆ ಮುಂದಕ್ಕೆ ಕಳಿಸಿದ್ರು. ಗೆಲ್ಲೋಕಲ್ಲ, ಬೆಟ್ಟದ ಆಚೆ ಬದಿಯಲ್ಲಿ ಕಾಯೋಕೆ. ಯೇಟ್ಸ್ ಏರಿನಲ್ಲಿ ತಪ್ಪಿಸ್ಕೊಂಡು ಹೋದ. ಹಿಂದೆ ಇಬ್ಬರೇ ಉಳಿದ್ರು, ಡೆಲ್ ಟೋರೊ ಮತ್ತು ಕರಾಪಾಸ್. "ಎಳೆಯೋ ಕೆಲಸ ನೀನು ಮಾಡು" ಅಂತ ಇವನು, "ಅಂಗಿ ನಿನ್ನದು, ನೀನೇ ಮಾಡು" ಅಂತ ಅವನು. ಗದ್ದೆ ಒಡ್ಡು ಒಡೆದು ನೀರು ಹೋಗ್ತಿದ್ರೂ ಅಕ್ಕಪಕ್ಕದ ಇಬ್ಬರು "ಮಣ್ಣು ನೀನು ಹಾಕು" ಅಂತ ನಿಂತ ಹಾಗೆ. ಅಣ್ಣನಿಗೆ ಇದು ಥಟ್ಟನೆ ಅರ್ಥ ಆಯ್ತು. ನಮ್ಮ ಬಯಲಲ್ಲಿ ಅಂಥ ಒಡ್ಡುಗಳು ಎರಡಿವೆ :)

ಯೇಟ್ಸ್ ಬೆಟ್ಟ ಇಳಿದು ಕಣಿವೆಗೆ ಬಂದಾಗ ಅಲ್ಲಿ ವಾನ್ ಆರ್ಟ್ ಕಾಯ್ತಿದ್ದ. ಒಂದು ಸಲ ಹಿಂದೆ ತಿರುಗಿ ನೋಡಿ ಎದುರುಗಾಳಿಗೆ ತಲೆ ತಗ್ಗಿಸಿ ತುಳಿಯೋಕೆ ಶುರು ಮಾಡ್ದ. ಅಲ್ಲಿಗೆ ರೇಸ್ ಮುಗೀತು. ಅಂತರ ಐದು ನಿಮಿಷ ದಾಟಿತು. ಕೊನೆಗೆ ಯೇಟ್ಸ್ ಜೀರೋ ಗೆದ್ದಿದ್ದು 3 ನಿಮಿಷ 56 ಸೆಕೆಂಡಿನಿಂದ.

ಅಣ್ಣ ಕೇಳಿದ. "ಮುಂದೆ ಹೋಗಿದ್ದವ ಯಾಕೆ ನಿಂತ? ಅವನೇ ಗೆಲ್ಬಹುದಿತ್ತಲ್ಲ?"

"ಅವನ ಕೆಲಸ ಅದೇ."

"ಅವನಿಗೆ ಎಂತ ಸಿಗತ್ತೆ?"

ಸಂಬಳ ಇದೆ ಅಂದೆ. ಗೆದ್ದ ನಾಯಕ ಬಹುಮಾನದ ದುಡ್ಡನ್ನ ತಾನು ಇಟ್ಕೊಳ್ಳದೆ ತಂಡದವರಿಗೆ ಹಂಚಿಬಿಡೋದು ಈ ಆಟದಲ್ಲಿ ಹಳೇ ರೂಢಿ ಅಂತಲೂ ಹೇಳಿದೆ. ಅಣ್ಣ "ಹೂಂ" ಅಂದ, ಅಷ್ಟೇ.

ಆದ್ರೆ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅಪ್ಪ ತೀರ್ಕೊಂಡ ಮೇಲೆ ಅಣ್ಣ ಪಿಯುಸಿಗೆ ಓದು ಬಿಟ್ಟ, ಗದ್ದೆ ತೋಟ ನೋಡ್ಕೊಂಡ, ನಾನು ಬೆಂಗಳೂರು ಸೇರಿದೆ. ಈಗ ನೆಂಟರೆಲ್ಲಾ "ಹಿಸ್ಸೆ ಮಾಡ್ಕೊಂಡುಬಿಡಿ, ಅರ್ಧರ್ಧ, ಕಾನೂನಿದೆ" ಅಂತ ಕೂತಿದ್ದಾರೆ. ಕಾನೂನಿನ ಲೆಕ್ಕ ಸರಿಯೇ ಇದೆ. ಅದರಲ್ಲಿ ಗಾಳಿ ಯಾರು ತಡೆದ್ರು ಅನ್ನೋ ಕಲಮು ಮಾತ್ರ ಇಲ್ಲ.

ಮಾರನೇ ದಿನ ಸಸಿಮಡಿ ಹತ್ರ ಹೋಗಿ, ಗದ್ದೆಯಲ್ಲಿ ನನ್ನ ಪಾಲು ಬೇಡ, ನಿನ್ನ ಹೆಸರಿಗೇ ಇರಲಿ ಅಂದೆ. ಅಣ್ಣ ತಲೆ ಎತ್ತಲಿಲ್ಲ. "ನಿನ್ನ ಹೆಂಡ್ತಿ ಹತ್ರ ಮಾತಾಡಿದ್ಯನಾ?" ಅಂತ ಕೇಳಿದ. ಮಾತಾಡಿರಲಿಲ್ಲ. "ಮೊದ್ಲು ಮಾತಾಡು. ಆಮೇಲೆ ನೋಡೋಣ. ಈಗ ಆ ಗುದ್ದಲಿ ಕೊಡು." ಮಾತಾಡಿದ್ದೀನಿ. ಅವಳು ಒಪ್ಪಿದ್ದಾಳೆ, ತೋಟದ ವಿಷಯ ಬೇರೆ ಅಂದಿದ್ದಾಳೆ. ಕಾಗದ ಪತ್ರ ಇನ್ನೂ ಆಗ್ಬೇಕು.

ಅಂದಹಾಗೆ, ಅವತ್ತಿನ ಹಂತ ಗೆದ್ದಿದ್ದು ಯೇಟ್ಸ್ ಅಲ್ಲ. ಬೆಳಿಗ್ಗೆ ಓಡಿಹೋದವರಲ್ಲೇ ಒಬ್ಬ, ಆಸ್ಟ್ರೇಲಿಯಾದ ಕ್ರಿಸ್ ಹಾರ್ಪರ್, ಎಲ್ಲರಿಗಿಂತ ಮುಂದೆ ಒಬ್ಬನೇ ಸೆಸ್ಟ್ರಿಯೆರೆ ಹತ್ತಿ ಗೆದ್ದ. ಹಿಂದೆ ನಡೀತಿದ್ದ ಗಲಾಟೆಯಲ್ಲಿ ಕ್ಯಾಮೆರಾದೋರೂ ಅವನನ್ನ ಮರೆತ ಹಾಗಿತ್ತು. ಅಣ್ಣನಿಗೆ ಅವತ್ತು ತುಂಬಾ ಇಷ್ಟ ಆಗಿದ್ದು ಇವನೇ.