ನೆರೊ

ಪಿರೇಯಸ್ ಬಂದರು ಬಿಟ್ಟ ವೇಗದ ದೋಣಿ ಎರಡು ಗಂಟೆಯೊಳಗೆ ನಮ್ಮನ್ನು ಹೈಡ್ರಾ ದ್ವೀಪದಲ್ಲಿ ಇಳಿಸಿತು. ನಕ್ಷೆಯಲ್ಲಿ ಹೈಡ್ರಾ, ಊರವರ ಬಾಯಲ್ಲಿ ಇದ್ರಾ. ಲಾಳದ ಹಾಗೆ ಬಾಗಿದ ಬಂದರು, ಅದರ ಬೆನ್ನಿಗೇ ಗುಡ್ಡ ಹತ್ತಿ ಕೂತ ಕಲ್ಲಿನ ಮನೆಗಳು. ಆಟೋ ಸ್ಟ್ಯಾಂಡ್ ಇರಬೇಕಾದ ಜಾಗದಲ್ಲಿ ಹೇಸರಗತ್ತೆಗಳ ಸಾಲು! ಈ ಊರಿಗೆ ಕಾರು, ಬೈಕು ಬರುವಂತಿಲ್ಲ. ಕಸದ ಲಾರಿಯಂಥ ಒಂದೆರಡಕ್ಕೆ ಮಾತ್ರ ರಿಯಾಯಿತಿ. ಫ್ರಿಜ್ಜು, ಸಿಮೆಂಟು, ಮದುವೆಯ ಕುರ್ಚಿ ಎಲ್ಲವೂ ನಾಲ್ಕು ಕಾಲಿನ ಮೇಲೆಯೇ ಮೇಲೇರಬೇಕು. ನಮ್ಮ ಪೆಟ್ಟಿಗೆಗಳನ್ನೂ ಒಂದರ ಬೆನ್ನಿಗೆ ಬಿಗಿದರು. ಮೂವತ್ತು ವರ್ಷ ಮಕ್ಕಳನ್ನು ಕತ್ತೆ ಎಂದು ಬೈದು ನಿವೃತ್ತನಾದ ಮೇಷ್ಟ್ರು ನಾನು. ಅದರ ಹಿಂದೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದೆ. ತಿರುವಿನಲ್ಲಿ ಅದು ನಿಂತು, ಇನ್ನೂ ಬರಲಿಲ್ಲವೇ ಎಂಬಂತೆ ಒಮ್ಮೆ ನೋಡಿತು.

ಅರ್ಧ ದಾರಿಯಲ್ಲಿ ನನ್ನಾಕೆ ಒಂದು ಕಾಫಿ ಅಂಗಡಿಯ ಕಟ್ಟೆಯ ಮೇಲೆ ಕುಸಿದಳು. "ರೀ, ನೀರು... ಸ್ವಲ್ಪ ನೀರು ಕೇಳಿ." ನಾನು ಇಂಗ್ಲಿಷಿನ ವಾಕ್ಯವೊಂದನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಒಳಗಿನಿಂದ ಕಪ್ಪು ಸೀರೆ, ಅಲ್ಲ, ಕಪ್ಪು ಲಂಗದ ಅಜ್ಜಿಯೊಬ್ಬಳು "ನೆರೊ, ನೆರೊ" ಎನ್ನುತ್ತ ಎರಡು ಲೋಟ ತಂದಿಟ್ಟಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಈ ಅಜ್ಜಿಯನ್ನು ತುಮಕೂರಿನಿಂದ ಇಲ್ಲಿಗೆ ಯಾರು ಕೊಟ್ಟರು?

ಯಾರೂ ಕೊಟ್ಟಿರಲಿಲ್ಲ. ಗ್ರೀಕರ ಹಳೆಯ ಮಾತಿನಲ್ಲಿ ನೀರಿಗೆ ಹುದೋರ್ ಎಂದು ಹೆಸರು. ಆಗಷ್ಟೇ ತಂದ ಹೊಸ ನೀರನ್ನು 'ನೆಯರೋನ್ ಹುದೋರ್' ಎನ್ನುತ್ತಿದ್ದರು. ಬಳಕೆಯಲ್ಲಿ ನೀರು ಉದುರಿ 'ಹೊಸದು' ಮಾತ್ರ ಉಳಿಯಿತು, ಅದೇ ಸವೆದು ನೆರೊ ಆಯಿತು. ನಮ್ಮ ಹೋಟೆಲಿನಲ್ಲಿ "ಒಂದು ಸ್ಟ್ರಾಂಗ್" ಎಂದರೆ ಸಾಕು, ಕಾಫಿ ಎಂದು ಯಾರು ಹೇಳುತ್ತಾರೆ? ಹಾಗೆ. ನಮ್ಮ ನೀರಿಗೂ ಅವರ ನೆರೊಗೂ ನಂಟಿಲ್ಲ, ಬರೀ ಕಾಕತಾಳೀಯ. ಇದನ್ನು ವಿವರಿಸಿದೆ. "ನೀವು ಸುಮ್ಮನಿರಿ" ಎಂದಳು ನನ್ನಾಕೆ, ಅಜ್ಜಿಯ ಕೈ ಹಿಡಿದುಕೊಂಡು.

ಆ ಹಳೆಯ ಹುದೋರ್ ಪೂರ್ತಿ ಸತ್ತಿಲ್ಲ, ಈ ಊರಿನ ಹೆಸರಿನೊಳಗೇ ಕೂತಿದೆ. ಹೈಡ್ರಾ ಎಂದರೆ ನೀರುಳ್ಳದ್ದು. ಒಂದು ಕಾಲಕ್ಕೆ ಇಲ್ಲಿ ಒರತೆಗಳಿದ್ದವಂತೆ. ಈಗ ಹೆಸರೊಂದೇ ಒದ್ದೆ, ನೆಲ ಒಣ. ಮಳೆ ನೀರನ್ನು ಹಿಡಿದಿಡಲು ಹಳೆಯ ಮನೆಗಳ ಅಡಿಯಲ್ಲಿ ತೊಟ್ಟಿ ಕಟ್ಟಿದ್ದಾರೆ. ಅದು ಸಾಲದಾದಾಗ ಬಹಳ ವರ್ಷ ಹಡಗಿನಲ್ಲಿ ನೀರು ಬರುತ್ತಿತ್ತು. ಈಗ ಕಡಲ ನೀರಿನ ಉಪ್ಪು ತೆಗೆಯುವ ಘಟಕವಿದೆ.

ಉಳುವ ನೆಲವಿಲ್ಲದವರು ಕಡಲನ್ನೇ ಉತ್ತರು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಬ್ರಿಟಿಷರ ದಿಗ್ಬಂಧನದ ಕಣ್ಣು ತಪ್ಪಿಸಿ ಧಾನ್ಯ ಸಾಗಿಸಿದ ಇಲ್ಲಿನ ಕಪ್ತಾನರು ಕೈತುಂಬ ದುಡ್ಡು ಮಾಡಿದರು. ಬಂದರಿಗೆ ಮುಖ ಮಾಡಿ ನಿಂತ ಬೂದು ಬಣ್ಣದ ದೊಡ್ಡ ಬಂಗಲೆಗಳು ಅವರವೇ. 1821ರಲ್ಲಿ ತುರ್ಕರ ವಿರುದ್ಧ ಸ್ವಾತಂತ್ರ್ಯ ಸಮರ ಶುರುವಾದಾಗ ಅದೇ ದುಡ್ಡು, ಅದೇ ಹಡಗುಗಳು ಹೋರಾಟಕ್ಕಿಳಿದವು. ನೌಕಾಪಡೆಯನ್ನು ನಡೆಸಿದ ಆಂಡ್ರೆಯಾಸ್ ಮಿಯಾವುಲಿಸ್ ಈ ಊರಿನ ಕಪ್ತಾನ. ಅವನ ಹೃದಯವನ್ನು ಬೆಳ್ಳಿಯ ಪಾತ್ರೆಯಲ್ಲಿಟ್ಟು ಇಲ್ಲಿನ ಮ್ಯೂಸಿಯಮ್ಮಿನಲ್ಲಿ ಕಾಪಾಡಿದ್ದಾರೆ. ಕಳ್ಳಸಾಗಣೆಗೂ ದೇಶಭಕ್ತಿಗೂ ಇಷ್ಟು ಹತ್ತಿರದ ನಂಟಸ್ತಿಕೆ ಪಠ್ಯಪುಸ್ತಕದಲ್ಲಿ ನಾನು ಪಾಠ ಮಾಡಿದ್ದಲ್ಲ.

ಕೆನಡಾದ ಹಾಡುಗಾರ ಕವಿ ಲಿಯೊನಾರ್ಡ್ ಕೊಹೆನ್ 1960ರಲ್ಲಿ 1,500 ಡಾಲರಿಗೆ ಇಲ್ಲೊಂದು ಮನೆ ಕೊಂಡ. ಆಗ ಅದರಲ್ಲಿ ಕರೆಂಟೂ ಇರಲಿಲ್ಲ, ನಲ್ಲಿಯೂ ಇರಲಿಲ್ಲ. ಜನ ಈಗಲೂ ಆ ಬಾಗಿಲು ಹುಡುಕಿಕೊಂಡು ಹೋಗುತ್ತಾರೆ. ನಾವು ಹೋಗಲಿಲ್ಲ, ಇನ್ನಷ್ಟು ಮೆಟ್ಟಿಲಿದ್ದವು.

ಉಳಿದ ಮೂರು ದಿನವೂ ಬೆಳಿಗ್ಗೆ ಅಜ್ಜಿಯ ಅಂಗಡಿಯೇ ಗತಿ. ಗ್ರೀಕ್ ಕಾಫಿಯ ಗಸಿ ಕೆಳಗಿಳಿಯುವ ತನಕ ಕಾಯಬೇಕು. ಜೊತೆಗೆ ಕೇಳದೆಯೇ ಒಂದು ಲೋಟ ನೆರೊ. ಬಾಟಲಿಗಳ ಕಟ್ಟು ಹೊತ್ತ ಹೇಸರಗತ್ತೆಗಳು ಗಂಟೆ ಅಲ್ಲಾಡಿಸುತ್ತ ಪಕ್ಕದಲ್ಲೇ ಹಾದು ಹೋಗುವಾಗ ನಾನು ಕಾಲು ಮಡಿಚಿ ದಾರಿ ಬಿಡುತ್ತಿದ್ದೆ.

ಕೊನೆಯ ದಿನ ನನ್ನಾಕೆ ಅರ್ಧ ಲೋಟ ನೀರು ಬಿಟ್ಟೆದ್ದಳು. ಅಜ್ಜಿ ಅದನ್ನು ಚೆಲ್ಲಲಿಲ್ಲ. ಹೊಸಿಲ ಪಕ್ಕದ ಕುಂಡಕ್ಕೆ ನಿಧಾನವಾಗಿ ಹನಿಸಿದಳು. ಕುಂಡದಲ್ಲಿದ್ದದ್ದು ಕಾಮಕಸ್ತೂರಿ, ತುಳಸಿಯ ದಾಯಾದಿ. ನನ್ನಾಕೆ ಚಪ್ಪಲಿ ಬಿಟ್ಟು ನಿಂತಿದ್ದಳು.