ಮಾತ್ರೆ ಮತ್ತು ಅಳತೆ

ಮಾತ್ರೆಯೆಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಬಳಕೆಗಳುಂಟು. ಛಂದಸ್ಸನ್ನು ಬಲ್ಲವರಿಗೆ ಅದು ಉಚ್ಚಾರಣೆಯ ಕಾಲವನ್ನಳೆಯುವ ಮಾನ. ರೋಗಿಗೆ ಔಷಧದ ಗುಳಿಗೆ. ಎರಡರ ಮೂಲಾರ್ಥವೂ ಅಳತೆಯೇ. ಈ ಮಾತು ನನ್ನ ಮನಸ್ಸಿಗೆ ನಾಟಿದ್ದು ನಮ್ಮ ಸೋದರತ್ತೆಯವರ ಹೃದಯವು ಲಯ ತಪ್ಪಿದ ಮೇಲೆ.

ಹೃದಯದ ಮೇಲಿನ ಕೋಣೆಗಳು ಕ್ರಮವಾಗಿ ಸಂಕೋಚಗೊಳ್ಳದೆ ಬರಿದೆ ಅದುರುತ್ತಿರುವ ಈ ವ್ಯಾಧಿಯನ್ನು ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎನ್ನುವರು. ಎಡಗಡೆಯ ಮೇಲುಕೋಣೆಗೆ ಹೊಂದಿಕೊಂಡ ಸಣ್ಣ ಚೀಲದಂತಹ ಭಾಗದಲ್ಲಿ ಆಗ ರಕ್ತವು ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಹೊರಟು ಮಿದುಳಿನ ನಾಳವನ್ನು ಮುಚ್ಚಿದರೆ ಪಾರ್ಶ್ವವಾಯು. ತಡೆಯಲು ಮದ್ದುಂಟು, ಅದು ಮಿತಿಮೀರಿದರೆ ರಕ್ತಸ್ರಾವ. ಅತ್ತ ದರಿ, ಇತ್ತ ಪುಲಿ.

ಬಹುಕಾಲ ಈ ಕೆಲಸಕ್ಕೆ ಒದಗಿದುದು ವಾರ್ಫರಿನ್. 1948ರಲ್ಲಿ ಇಲಿಪಾಷಾಣವಾಗಿ ಹೊರಬಂದ ಈ ವಸ್ತು 1954ರಲ್ಲಿ ಅಮೆರಿಕದಲ್ಲಿ ಮನುಷ್ಯರ ಔಷಧವಾಯಿತು. ವಿಷವನ್ನು ಮದ್ದಾಗಿಸಿದುದು ಅಳತೆ. ಅತ್ತೆಯವರಿಗೂ ಮೊದಲು ಇದನ್ನೇ ಕೊಟ್ಟರು. ರಕ್ತಪರೀಕ್ಷೆಯ ಐ.ಎನ್.ಆರ್. ಎಂಬ ಅಂಕವು 2ಕ್ಕೂ 3ಕ್ಕೂ ನಡುವೆ ನಿಲ್ಲಬೇಕು. ಸೊಪ್ಪಿನಲ್ಲಿರುವ ಕೆ ಜೀವಸತ್ವವು ಈ ಮದ್ದಿನ ಬಲವನ್ನು ಕುಂದಿಸುವುದರಿಂದ, ಸೊಪ್ಪನ್ನು ಬಿಡಬೇಕಾಗಿಲ್ಲ, ವಾರವಾರವೂ ಸಮನಾಗಿ ತಿನ್ನಬೇಕು ಎಂದರು ವೈದ್ಯರು.

ಪರೀಕ್ಷೆಗಾಗಿ ಪದೇಪದೇ ಪಟ್ಟಣಕ್ಕೆ ಹೋಗಿಬರುವುದು ಅತ್ತೆಯವರಿಗೆ ದುಸ್ತರವಾಗಲು, ವೈದ್ಯರು ಅಪಿಕ್ಸಬಾನ್ ಎಂಬ ಹೊಸ ಮದ್ದಿಗೆ ಬದಲಾಯಿಸಿದರು. ದಿನಕ್ಕೆರಡು ಸಲ 5 ಮಿಲಿಗ್ರಾಂ. ಇದನ್ನು 2.5ಕ್ಕೆ ಇಳಿಸಲು ಮೂರು ಲಕ್ಷಣಗಳಲ್ಲಿ ಎರಡಾದರೂ ಇರಬೇಕು: ವಯಸ್ಸು 80 ಅಥವಾ ಹೆಚ್ಚು, ತೂಕ 60 ಕಿಲೋ ಅಥವಾ ಕಡಿಮೆ, ಮೂತ್ರಪಿಂಡಗಳ ಶಕ್ತಿಯನ್ನು ಸೂಚಿಸುವ ಕ್ರಿಯಾಟಿನಿನ್ 1.5 ಅಥವಾ ಹೆಚ್ಚು. ಅತ್ತೆಯವರ ತೂಕ 54, ಕ್ರಿಯಾಟಿನಿನ್ 0.9. ಉಳಿದುದು ವಯಸ್ಸು.

ಇಲ್ಲಿ ಮನೆಯಲ್ಲಿ ವಾದವೆದ್ದಿತು. "ನನಗೆ ಎಂಬತ್ತಾಯಿತಲ್ಲ, ಅರ್ಧವೇ ಸಾಕು" ಎಂದರು ಅತ್ತೆ. ಮುಂಗೈ ಮೇಲೆ ಅಲ್ಲಲ್ಲಿ ರಕ್ತ ಕಂದಿದ ಗುರುತುಗಳನ್ನು ಕಂಡು ಅವರಿಗೆ ಭಯ. ಬಂಧುಗಳೂ "ಮುಪ್ಪಿನ ದೇಹ" ಎಂದು ದನಿಗೂಡಿಸಿದರು. ಆದರೆ ಅತ್ತೆ ಹುಟ್ಟಿದ್ದು ಪಾರ್ಥಿವ ಸಂವತ್ಸರದ ಮಾರ್ಗಶಿರದಲ್ಲಿ, ಎಂದರೆ 1945ರ ಡಿಸೆಂಬರಿನಲ್ಲಿ. ನಮ್ಮ ಮನೆಯವರು ನಡೆಯುತ್ತಿರುವ ವರ್ಷವನ್ನು ಎಣಿಸುವರು. ವೈದ್ಯರಿಗೆ ಬೇಕಾದುದು ತುಂಬಿದ ವರ್ಷ.

"ಹುಟ್ಟಿದ ಹಬ್ಬದ ಹಿಂದಿನ ರಾತ್ರಿಗೂ ಮರುದಿನಕ್ಕೂ ರಕ್ತ ಬೇರೆಯಾಗುವುದೇ?" ಎಂದು ನಾನು ಕೇಳಿದೆ.

"ಆಗದು. ಆದರೆ ಗೆರೆಯನ್ನು ಎಲ್ಲಿಯಾದರೂ ಎಳೆಯಬೇಕಲ್ಲ. 2011ರಲ್ಲಿ ಪ್ರಕಟವಾದ, 18,201 ರೋಗಿಗಳಿದ್ದ ಅರಿಸ್ಟಾಟಲ್ ಎಂಬ ಪರೀಕ್ಷೆಯಲ್ಲಿ ಈ ಮದ್ದನ್ನು ಕೊಟ್ಟದ್ದು ಇದೇ ಗೆರೆಯಂತೆ. ಗೆರೆ ದಾಟಿ ನಾವಾಗಿ ಅರ್ಧ ಮಾಡಿದರೆ, ಆ ಅರ್ಧವು ಪಾರ್ಶ್ವವಾಯುವನ್ನು ಎಷ್ಟು ತಡೆದೀತೆಂದು ನಾನು ಭರವಸೆ ಕೊಡಲಾರೆ" ಎಂದರು ವೈದ್ಯರು. ಕಂದಿದ ಗುರುತುಗಳನ್ನೂ ರಕ್ತದ ಲೆಕ್ಕವನ್ನೂ ನೋಡಿ, ಹೆದರಬೇಕಾದುದಿಲ್ಲವೆಂದು ಅತ್ತೆಗೆ ತಿಳಿಸಿದರು.

ಹಿರಿಯರ ಮೇಲಣ ಅಕ್ಕರೆಯು ಸಾಮಾನ್ಯವಾಗಿ ಕಡಿಮೆಯ ಕಡೆಗೇ ವಾಲುವುದು. ಕಂದಿದ ತೋಳು ಕಣ್ಣಿಗೆ ಕಾಣುತ್ತದೆ. ಬಾರದೆ ಹೋದ ಪಾರ್ಶ್ವವಾಯು ಯಾರಿಗೂ ಕಾಣದು. ಆದುದರಿಂದಲೇ ಮದ್ದು ಮಾಡಿದ ಕೇಡು ನೆನಪಿರುತ್ತದೆ, ಉಪಕಾರ ಲೆಕ್ಕಕ್ಕೆ ಬರುವುದಿಲ್ಲ. ಇಂತಹ ಮದ್ದು ನಡೆಯುತ್ತಿರುವ ಮನೆಗಳವರಲ್ಲಿ ನನ್ನ ವಿನಂತಿ ಇಷ್ಟೆ: ಹಿರಿಯರ ಹುಟ್ಟಿದ ದಿನ, ತೂಕ, ಕ್ರಿಯಾಟಿನಿನ್ ಈ ಮೂರನ್ನು ಬರೆದಿಟ್ಟು ವೈದ್ಯರ ಮುಂದಿಡಿ, ಮನೆಯಲ್ಲಿ ಕೂಡಿ ಕಳೆಯಬೇಡಿ, ಮದ್ದನ್ನು ನೀವಾಗಿ ನಿಲ್ಲಿಸಲೂಬೇಡಿ.

2025ರ ಡಿಸೆಂಬರಿನಲ್ಲಿ ಅತ್ತೆಯವರಿಗೆ ಎಂಬತ್ತು ತುಂಬಿತು. ತೂಕವೂ ಅರುವತ್ತರೊಳಗೇ ಇದ್ದುದರಿಂದ ವೈದ್ಯರು 2.5ಕ್ಕೆ ಇಳಿಸಿ ಬರೆದುಕೊಟ್ಟರು. "ವಯಸ್ಸಾದುದಕ್ಕೆ ಇದೊಂದಾದರೂ ರಿಯಾಯಿತಿ ಸಿಕ್ಕಿತು" ಎಂದು ಅತ್ತೆ ನಕ್ಕರು.