ಕಿಟಕಿ ಇರೋ ರೂಮು, ಕಿಟಕಿ ಇಲ್ಲದ ರೂಮು

ಈ ಕಡೆ ತಲೆ ಹಾಕಿ ತಿಂಗಳುಗಳೇ ಆಗಿತ್ತು. ಮೊನ್ನೆ ನಮ್ಮ ಟೀಮಿನ ಹುಡುಗನೊಬ್ಬ ಚಹಾ ಕುಡಿಯುತ್ತಾ "ಅಪ್ಪ ಅಮ್ಮನ್ನ ಕರ್ಕೊಂಡು ಕ್ರೂಸ್‌ಗೆ ಹೋಗ್ತಿದೀನಿ ಕಣೋ, ನೀನು ಹೋಗಿದ್ಯಲ್ಲ, ಯಾವ ರೂಮ್ ತಗೊಂಡ್ರೆ ಒಳ್ಳೇದು?" ಅಂತ ಕೇಳಿದ. ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಾದ ಪ್ರಶ್ನೆ. ನಾನು ಶುರು ಮಾಡಿದವನು ಚಹಾ ತಣ್ಣಗಾದರೂ ನಿಲ್ಲಿಸಲಿಲ್ಲ. ಕೊನೆಗೆ ಅವನೇ "ಸರಿ ಬಿಡಪ್ಪಾ, ಬ್ಲಾಗಲ್ಲಿ ಬರಿ, ಓದ್ಕೋತೀನಿ" ಅಂತ ಕೈ ಮುಗಿದ. ಹಾಗಾಗಿ ಈ ಬರಹ :)

2023ರ ಡಿಸೆಂಬರಿನಲ್ಲಿ ಅಪ್ಪ, ಅವ್ವ, ನಾನು ಮೂವರೂ ಮುಂಬಯಿಯಿಂದ ಗೋವಾಕ್ಕೆ ಹಡಗಿನಲ್ಲಿ ಹೋಗಿ ಬಂದೆವು. ಹಡಗಿನ ಹೆಸರು ಕಾರ್ಡೀಲಿಯಾ ಎಂಪ್ರೆಸ್. ಹೆಸರು ಹೊಸದು, ಹಡಗು ಹಳೆಯದು. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದಾಗ ಅದು ನಾರ್ಡಿಕ್ ಎಂಪ್ರೆಸ್ ಆಗಿತ್ತು, ಆಮೇಲೆ ಎಂಪ್ರೆಸ್ ಆಫ್ ದ ಸೀಸ್ ಆಯಿತು, 2021ರ ಸೆಪ್ಟೆಂಬರಿನಿಂದ ಮುಂಬಯಿಯಿಂದ ಓಡಾಡತೊಡಗಿತು. ಹನ್ನೊಂದು ಅಂತಸ್ತು, 796 ರೂಮು. ನಮ್ಮದು ನರಗುಂದ ತಾಲೂಕಿನ ಕೊಣ್ಣೂರು ಕಡೆಯ ಒಂದು ಹಳ್ಳಿ. ಊರಿನ ಮನೆಗಳನ್ನೆಲ್ಲ ಎಣಿಸಿದರೂ ಅಷ್ಟಾಗಲಿಕ್ಕಿಲ್ಲ.

ರೂಮಿನಲ್ಲಿ ಮುಖ್ಯವಾಗಿ ನಾಲ್ಕು ಥರ. ಇಂಟೀರಿಯರ್ ಅಂದರೆ ಹಡಗಿನ ಹೊಟ್ಟೆಯೊಳಗಿನ ರೂಮು, ಕಿಟಕಿಯೇ ಇಲ್ಲ. ಓಷನ್ ವ್ಯೂ ಅಂದರೆ ಗೋಡೆಯಲ್ಲಿ ಒಂದು ಗಾಜು ಇರುತ್ತದೆ, ನೋಡಬಹುದು, ತೆಗೆಯಲು ಬರುವುದಿಲ್ಲ. ಬಾಲ್ಕನಿ ರೂಮಿಗೆ ಬಾಗಿಲು ಇದೆ, ಹೊರಗೆ ಕುರ್ಚಿ ಹಾಕಿಕೊಂಡು ಕೂರಬಹುದು. ಈಗಿನ ದೊಡ್ಡ ಹಡಗುಗಳಲ್ಲಿ ಸಾಲು ಸಾಲು ಬಾಲ್ಕನಿ, ಆದರೆ ಇದು ಹಳೇ ಕಾಲದ್ದಾದ್ದರಿಂದ ಕಡಿಮೆ. ಅದಕ್ಕೇ ತುಟ್ಟಿ. ನಾಲ್ಕನೆಯದು ಸೂಟ್. ಅದರ ರೇಟು ನೋಡಿ ಪೇಜ್ ಕ್ಲೋಸ್ ಮಾಡಿದೆ, ಅದರ ಬಗ್ಗೆ ಇಷ್ಟೇ.

ಇಂಜಿನಿಯರ್ ಬುದ್ಧಿ ನೋಡಿ, ಎಕ್ಸೆಲ್ ಶೀಟ್ ತೆಗೆದು ಕೂತೆ. ಹಡಗಿನಲ್ಲಿ ರೂಮಿಗೆ ಬಾಡಿಗೆ ಅಂತ ಹೇಳುವುದಿಲ್ಲ, ತಲೆಗೆ ಇಷ್ಟು ಅಂತ ಹೇಳುತ್ತಾರೆ, ಅದೂ ಇಬ್ಬರು ಸೇರಿ ಉಳಿದರೆ. ಮೂರನೆಯವರಿಗೆ ಕಡಿಮೆ, ಆದರೆ ಅವರು ರೈಲಿನ ಅಪ್ಪರ್ ಬರ್ತಿನ ಹಾಗೆ ಗೋಡೆಯಿಂದ ಇಳಿಸುವ ಹಾಸಿಗೆಯಲ್ಲಿ ಮಲಗಬೇಕು. ಒಬ್ಬನೇ ಒಂದು ರೂಮು ಹಿಡಿದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು. ಹೊಸದಾಗಿ ಹೋಗುವವರಿಗೆ ಮೊದಲು ಮುಗ್ಗರಿಸುವ ಜಾಗ ಇದೇ. ನನ್ನ ಲೆಕ್ಕಕ್ಕೆ ಎಲ್ಲಕ್ಕಿಂತ ಅಗ್ಗ ಬಂದದ್ದು ಮೂವರೂ ಒಂದೇ ಇಂಟೀರಿಯರ್ ರೂಮಿನಲ್ಲಿ, ಮೇಲಿನ ಹಾಸಿಗೆ ನನಗೆ.

ಇನ್ನು ಎಲ್ಲಿರಬೇಕು ರೂಮು? ಇದಕ್ಕೆ ಓದುವುದೇನೂ ಬೇಕಿರಲಿಲ್ಲ, ರೋಣ-ನರಗುಂದ ಬಸ್ಸಿನಲ್ಲಿ ಓಡಾಡಿದವರಿಗೆ ತಾನೇ ಗೊತ್ತು. ಹಿಂದಿನ ಸೀಟಿನಲ್ಲಿ ಕೂತವರು ತಗ್ಗು ಬಂದಾಗಲೆಲ್ಲ ತಲೆ ಮೇಲಕ್ಕೆ ಬಡಿಸಿಕೊಳ್ಳುತ್ತಾರೆ, ನಡುವೆ ಕೂತವರು ನಿದ್ದೆ ಮಾಡುತ್ತಾರೆ. ಹಡಗೂ ಹಾಗೇ. ಮುಂದೆ ಹಿಂದೆ, ಮೇಲೆ ಹೋದಷ್ಟೂ ತೂಗಾಟ ಹೆಚ್ಚು, ಉದ್ದಕ್ಕೂ ನಟ್ಟನಡುವೆ, ಕೆಳಗಿನ ಅಂತಸ್ತಿನಲ್ಲಿ ಕಡಿಮೆ. ಹಾಡು-ಕುಣಿತದ ಹಾಲ್ ನಿಮ್ಮ ತಲೆಯ ಮೇಲೆ ಇದೆಯಾ, ಕಿಟಕಿಗೆ ಅಡ್ಡವಾಗಿ ಲೈಫ್‌ಬೋಟ್ ತೂಗುಹಾಕಿದ್ದಾರಾ ಅಂತ ಡೆಕ್ ಪ್ಲ್ಯಾನಿನಲ್ಲಿ ನೋಡಿಕೊಳ್ಳಬೇಕು. "ಯಾವುದಾದರೂ ಕೊಡಿ" ಅಂತ ಬಿಟ್ಟರೆ ಸ್ವಲ್ಪ ಅಗ್ಗ, ಆದರೆ ಉಳಿದದ್ದು ಸಿಗುತ್ತದೆ. ವಯಸ್ಸಾದವರು ಜೊತೆಗಿದ್ದರೆ ನಂಬರ್ ನೋಡಿಯೇ ತಗೊಳ್ಳಿ.

ಇಷ್ಟೆಲ್ಲ ಮಾಡಿ ಊರಿಗೆ ಫೋನ್ ಹಚ್ಚಿದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಅಲ್ಲೋ, ಆ ಹಡಗ ಹೋಗೂ ದಾರ್ಯಾಗ ಮಹಾದಾಯಿ ಸಮುದ್ರಕ್ಕ ಕೂಡೂ ಜಾಗಾ ಕಾಣ್ತೈತೇನು?" ಅಂದ.

ನಮ್ಮ ಕಡೆಯವರಲ್ಲದವರಿಗೆ ಇದನ್ನ ಸ್ವಲ್ಪ ಹೇಳಬೇಕು. ಮಹಾದಾಯಿ ಹುಟ್ಟುವುದು ಖಾನಾಪುರ ತಾಲೂಕಿನ ದೇಗಾಂವದಲ್ಲಿ, ಗೋವಾಕ್ಕೆ ಇಳಿದು ಮಾಂಡೋವಿ ಆಗಿ ಪಣಜಿ ಹತ್ತಿರ ಸಮುದ್ರ ಸೇರುತ್ತದೆ. ಅದರ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕು ಅಂತ 2015ರ ಜುಲೈನಲ್ಲಿ ನರಗುಂದದಲ್ಲಿ ರೈತರು ಪೆಂಡಾಲ್ ಹಾಕಿ ಕೂತರು. ನಾನು ಸಿಇಟಿ ಕೌನ್ಸೆಲಿಂಗ್ ಅಂತ ಓಡಾಡುತ್ತಿದ್ದ ದಿನಗಳು ಅವು. ಹೊಲದ ಕೆಲಸ ಇಲ್ಲದ ದಿನ ಅಪ್ಪ ಬುತ್ತಿ ಕಟ್ಟಿಕೊಂಡು ಹೋಗಿ ಅಲ್ಲಿ ಕೂತು ಬರುತ್ತಿದ್ದ. 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣದ ತೀರ್ಪು ಬಂದಾಗ ಈ ಎರಡು ಹಳ್ಳಗಳಿಂದ ಸಿಕ್ಕದ್ದು 3.9 ಟಿಎಂಸಿ, ಕುಡಿಯುವ ನೀರಿಗೆ. ಪೆಂಡಾಲಿನಲ್ಲಿ ಮೈಕ್ ಹಿಡಿದವರೆಲ್ಲ ಹೇಳುತ್ತಿದ್ದ ಒಂದು ಮಾತು ಅಪ್ಪನ ತಲೆಯಲ್ಲಿ ಕೂತಿತ್ತು: "ನೀರು ಸುಮ್ನ ಸಮುದ್ರಕ್ಕ ಹೋಗಾಕತ್ತೈತಿ." ಆ "ಸುಮ್ನ" ಹೋಗುವುದನ್ನ ಒಂದು ಸಲ ಕಣ್ಣಾರೆ ನೋಡಬೇಕು ಅಂತ ಅವನ ಆಸೆ. ನನಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ.

ಅಲ್ಲಿಗೆ ಶೀಟಿನಲ್ಲಿ ಇನ್ನೊಂದು ಕಾಲಮ್ಮು ಸೇರಿತು: ಎಡವೋ ಬಲವೋ. ಮುಂಬಯಿಯಿಂದ ದಕ್ಷಿಣಕ್ಕೆ ಹೋಗುವಾಗ ದಡ ಇರುವುದು ಎಡಗಡೆ, ಅವರ ಭಾಷೆಯಲ್ಲಿ ಪೋರ್ಟ್ ಸೈಡ್. ವಾಪಸ್ ಬರುವಾಗ ಅದೇ ರೂಮಿಗೆ ಬರೀ ಸಮುದ್ರ. ಇಂಗ್ಲಿಷಿನ ಪಾಶ್ ಅನ್ನೋ ಪದ ಹುಟ್ಟಿದ್ದೇ ಹೀಗೆ ಅಂತ ಒಂದು ಕತೆ ಇದೆ. ಇಂಡಿಯಾಕ್ಕೆ ಬರುವ ಸಾಹೇಬರು ಬಿಸಿಲು ತಪ್ಪಿಸಲು ಬರುವಾಗ ಪೋರ್ಟ್ ಸೈಡು, ಹೋಗುವಾಗ ಸ್ಟಾರ್‌ಬೋರ್ಡ್ ಸೈಡು ಹಿಡಿಯುತ್ತಿದ್ದರಂತೆ, ಅವುಗಳ ಮೊದಲಕ್ಷರ ಸೇರಿ ಈ ಪದ ಆಯಿತಂತೆ. ನಿಘಂಟಿನವರು ಇದಕ್ಕೆ ಪುರಾವೆ ಇಲ್ಲ ಅನ್ನುತ್ತಾರೆ. ಇರಲಿ, ನಮ್ಮ ಅಪ್ಪನೂ ಪಾಶ್ ಆದ ಅಂತ ನನಗೆ ಖುಷಿ.

ಆದರೆ ಅವ್ವ ಸುತರಾಂ ಒಪ್ಪಲಿಲ್ಲ. "ನನಗ ಕಿಟಕಿ ಬ್ಯಾಡ. ನೀರ ಕಾಣದಂತಾ ರೂಮ್ ಇದ್ರ ಬರ್ತೀನಿ, ಇಲ್ಲಂದ್ರ ನೀವಿಬ್ರೂ ಹೋಗ್ರಿ, ಎಮ್ಮಿ ನೋಡ್ಕೊಂಡಿರ್ತೀನಿ." ಅವಳ ತವರು ಗಜೇಂದ್ರಗಡ. ಗುಡ್ಡದ ಬುಡದ ಊರು, ಮಗ್ಗದ ಮನೆ. ಕೊಡ ಹೊತ್ತು ನೀರು ತಂದು ಬೆಳೆದವಳು. ನೀರಿಗೆ ಹೆದರುವುದು ಅನ್ನೋದು ಅವಳಿಗೆ ಗೊತ್ತಾಗಿದ್ದು 2019ರ ಆಗಸ್ಟಿನಲ್ಲಿ. ಮಲಪ್ರಭಾ ಉಕ್ಕಿ ಕೊಣ್ಣೂರು ಸುತ್ತಮುತ್ತ ನುಗ್ಗಿದ ಆ ಮಳೆಗಾಲ, ಇಬ್ಬರೂ ಒಂದು ರಾತ್ರಿ ಪಕ್ಕದ ಮನೆಯ ಮಾಳಿಗೆ ಮೇಲೆ ಕೂತು ಕಳೆದಿದ್ದರು. ನಾನು ಬೆಂಗಳೂರಿನಲ್ಲಿದ್ದೆ, ಫೋನ್ ಹತ್ತುತ್ತಿರಲಿಲ್ಲ. ಆ ರಾತ್ರಿಯ ಬಗ್ಗೆ ಅವಳು ಬಿಡಿಸಿ ಹೇಳಿದ್ದೂ ಇಲ್ಲ, ನಾನು ಕೇಳಿದ್ದೂ ಇಲ್ಲ.

"ಪರದಿ ಹಾಕ್ಕೊಂಡ್ರಾತು ಬಿಡವ್ವಾ" ಅಂದೆ.

"ಪರದಿ ಹಾಕಿದ್ರ ನೀರ ಹೊಕ್ಕೈತೇನು?"

ಇದಕ್ಕೆ ಎಕ್ಸೆಲ್ಲಿನಲ್ಲಿ ಫಾರ್ಮುಲಾ ಇಲ್ಲ. ಹಿಡಿದದ್ದು ರೋಣದ ಅಕ್ಕ. "ಎರಡ ರೂಮ್ ತಗೊಳ್ಳೋ, ರೊಕ್ಕ ಗಳಸೂದು ಯಾತಕ್ಕ" ಅಂದಳು, ಎಮ್ಮೆ ಜವಾಬ್ದಾರಿಯನ್ನೂ ತಾನೇ ಹೊತ್ತಳು. ಡೆಕ್ ಪ್ಲ್ಯಾನ್ ಮತ್ತೆ ನೋಡಿದೆ. ಹಡಗಿನ ಓಣಿಯಲ್ಲಿ ಒಂದು ಕಡೆ ಕಿಟಕಿಯ ರೂಮು, ಎದುರಿಗೆ ಒಳರೂಮು. ಎದುರುಬದುರು ಎರಡು ಸಿಕ್ಕವು. ಒಳಗಿನದು ಅಪ್ಪ ಅವ್ವನಿಗೆ, ಎಡಗಡೆ ಕಿಟಕಿಯದು ನನಗೆ. ನೋಡಬೇಕು ಅನ್ನಿಸಿದಾಗ ಅಪ್ಪ ಓಣಿ ದಾಟಿ ಬಂದರಾಯಿತು. ದುಡ್ಡು ನನ್ನ ಮೊದಲ ಲೆಕ್ಕದ ಎರಡರಷ್ಟನ್ನೂ ದಾಟಿತು. ಅಪ್ಪನಿಗೆ ಇವತ್ತಿಗೂ ಹೇಳಿಲ್ಲ, ಅವನು ಬ್ಲಾಗ್ ಓದುವುದಿಲ್ಲ ಅನ್ನೋ ಧೈರ್ಯ.

ಗದಗಿನಿಂದ ಮುಂಬಯಿ ರೈಲು. ಬಂದರಿನಲ್ಲಿ ವಿಮಾನ ನಿಲ್ದಾಣದ ಹಾಗೆ ತಪಾಸಣೆ, ಅವ್ವನ ಚೀಲದ ಶೇಂಗಾ ಚಟ್ನಿಯ ವಿಚಾರಣೆ, ಹತ್ತಿದ ಮೇಲೆ ಲೈಫ್ ಜಾಕೆಟ್ ಪಾಠ. ಲೈಫ್ ಜಾಕೆಟ್ ನೋಡಿ ಅವ್ವನ ಮುಖ ಇನ್ನಷ್ಟು ಸಣ್ಣದಾಯಿತು. ಸಂಜೆ ಹಡಗು ಹೊರಟಾಗ ಅವಳು ಡೆಕ್ಕಿಗೂ ಬರಲಿಲ್ಲ. "ನಮ್ಮ ಅಡಗಿಮನಿಯಂಗ ಐತಿ, ಛಲೋ ಐತಿ" ಅಂತ ಒಳರೂಮಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಳು. ಅಡಿಗೆಮನೆಗಾದರೂ ಒಂದು ಬೆಳಕಿಂಡಿ ಇರುತ್ತದೆ, ಇಲ್ಲಿ ದೀಪ ಆರಿಸಿದರೆ ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಅಪ್ಪ ನನ್ನ ರೂಮಿನ ಕಿಟಕಿ ಹತ್ತಿರ ಕೂತು ದೂರದ ದೀಪಗಳನ್ನು ಎಣಿಸುತ್ತಾ ಹತ್ತರವರೆಗೆ ಇದ್ದು ಹೋದ.

ನಾಲ್ಕೂವರೆಗೆ ಬಾಗಿಲು ಬಡಿದ ಸದ್ದು. ತೆಗೆದರೆ ಅವ್ವ, ಹೆಗಲ ಮೇಲೆ ಶಾಲು. ನನಗೆ ಎದೆ ಝಲ್ಲೆಂದಿತು, ಅಪ್ಪನಿಗೇನಾಯಿತೋ ಅಂತ.

"ನಿಮ್ಮಪ್ಪ ಗೊರಕಿ ಹೊಡ್ಯಾಕತ್ತಾನ" ಅಂದಳು. "ಒಳಗ ಹೊತ್ತು ಗೊತ್ತಾಗವಲ್ದು. ನೀರ ಎಲ್ಲೀತನಾ ಬಂದೈತಿ, ನೋಡೂಣಂತ ಬಂದೆ."

ನಾನು ಏನೂ ಮಾತಾಡದೆ ಪರದೆ ಸರಿಸಿದೆ. ಹಡಗಿನ ದೀಪದ ಬೆಳಕು ಬಿದ್ದಷ್ಟು ದೂರ ಬಿಳಿ ನೊರೆ, ಅದರಾಚೆ ಕತ್ತಲು, ಕತ್ತಲಲ್ಲಿ ಒಂದೆರಡು ಮೀನುದೋಣಿಯ ದೀಪ. ಅವಳು ಗಾಜಿಗೆ ಹಣೆ ಹಚ್ಚಿ ಕೆಳಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಕೆಳಗೈತಿ ಬಿಡು" ಅಂದಳು. "ಭಾಳ ಕೆಳಗೈತಿ."

ಆಮೇಲೆ ಹಾಸಿಗೆಯ ಅಂಚಿಗೆ ಕೂತು ಆ ರಾತ್ರಿಯ ಕತೆ ಹೇಳಿದಳು, ನಾಲ್ಕು ವರ್ಷದ ಮೇಲೆ, ಅರಬ್ಬೀ ಸಮುದ್ರದ ಮೇಲೆ. ಕರೆಂಟ್ ಹೋಗಿತ್ತು. ಅಪ್ಪನ ಹತ್ತಿರ ಒಂದು ಬ್ಯಾಟರಿ ಇತ್ತು. ತಾಸಿಗೊಮ್ಮೆ ಮಾಳಿಗೆಯ ಅಂಚಿನಿಂದ ಕೆಳಗೆ ಬೆಳಕು ಬಿಟ್ಟು ನೀರು ಎಷ್ಟನೇ ಮೆಟ್ಟಿಲಿಗೆ ಬಂದಿದೆ ಅಂತ ನೋಡುತ್ತಿದ್ದರು. ಆರನೇ ಮೆಟ್ಟಿಲು, ಏಳನೇ ಮೆಟ್ಟಿಲು. ಅಷ್ಟೊತ್ತೂ ಅವಳಿಗೆ ಅಂಥ ಹೆದರಿಕೆ ಇರಲಿಲ್ಲವಂತೆ. ನಡುರಾತ್ರಿ ದಾಟಿದ ಮೇಲೆ ಬ್ಯಾಟರಿ ಆರಿತು. ಸದ್ದು ಮಾತ್ರ. ಬೆಳಗಾಗಿ ನೋಡಿದರೆ ನೀರು ಐದನೇ ಮೆಟ್ಟಿಲಿಗೆ ಇಳಿದಿತ್ತು. ಇಳಿಯುತ್ತಿರುವ ನೀರಿಗೆ ಅವಳು ರಾತ್ರಿಯಿಡೀ ನಡುಗುತ್ತಾ ಕೂತಿದ್ದಳು.

ಅಪ್ಪ ಎದ್ದು ಹುಡುಕಿಕೊಂಡು ಬರುವ ಹೊತ್ತಿಗೆ ಬೆಳಕು ಹರಿದಿತ್ತು. ಕುರ್ಚಿ ಅವ್ವನದು, ಹಾಸಿಗೆ ಅಪ್ಪನದು, ನಾನು ನಿಂತೇ ಇದ್ದೆ. ಮೊಬೈಲಿನಲ್ಲಿ ಮ್ಯಾಪ್ ಮೊದಲೇ ಇಳಿಸಿಟ್ಟುಕೊಂಡಿದ್ದೆ, ಸಿಗ್ನಲ್ ಇಲ್ಲದಿದ್ದರೂ ನೀಲಿ ಚುಕ್ಕಿ ತೆವಳುತ್ತಿತ್ತು. ಮಂಜಿನಲ್ಲಿ ಆಗ್ವಾದದ ಗುಡ್ಡ ಗೆರೆ ಎಳೆದ ಹಾಗೆ ಕಂಡಾಗ "ಅಪ್ಪಾ, ಅಲ್ಲಿ, ಆ ಗುಡ್ಡದ ಈಚೆ ಕಡೆ" ಅಂದೆ. ನಿಜ ಹೇಳಬೇಕೆಂದರೆ ನದಿ ಕಾಣಲಿಲ್ಲ. ಎರಡು ಗುಡ್ಡಗಳ ನಡುವೆ ಮಬ್ಬು ಮಬ್ಬಾದ ಒಂದು ಖಾಲಿ ಜಾಗ, ಅಷ್ಟೇ. ಅಪ್ಪ ಮಾತ್ರ ಅದು ಮರೆಯಾಗುವವರೆಗೂ ನೋಡಿದ.

ಹಡಗು ನಿಲ್ಲುವುದು ಮಾರ್ಮಗೋವಾ ಬಂದರಿನಲ್ಲಿ, ಅದು ಜುವಾರಿ ನದಿಯ ಬಾಯಿ. ಟ್ಯಾಕ್ಸಿ ಮಾಡಿಕೊಂಡು ಪಣಜಿಗೆ ಹೋದೆವು. ಮಾಂಡೋವಿಯ ದಂಡೆಯಲ್ಲಿ ನಿಂತು ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದೇನೋ, ಹೊಳಿ ಉಲ್ಟಾ ಹರ್ಯಾಕತ್ತೈತಲ್ಲೋ?" ಅಂದ. ನೋಡಿದರೆ ಹೌದು, ಕಸ-ಕಡ್ಡಿ ಎಲ್ಲ ಸಮುದ್ರದಿಂದ ಒಳಗೆ ಹೋಗುತ್ತಿತ್ತು. ಭರತದ ಹೊತ್ತು. ಟ್ಯಾಕ್ಸಿಯವನು ಹಿಂದಿಯಲ್ಲಿ ಹೇಳಿದ, ನಾನು ಕನ್ನಡ ಮಾಡಿದೆ: ಉಪ್ಪುನೀರು ಹೀಗೇ ಬಹಳ ದೂರ ಒಳಗೆ ಹೋಗುತ್ತದೆ, ಮೇಲಿಂದ ಬರುವ ಸಿಹಿನೀರು ಅದನ್ನ ತಡೆಯುತ್ತದೆ, ಬೇಸಿಗೆಯಲ್ಲಿ ಅದು ಕಡಿಮೆಯಾದಷ್ಟೂ ಉಪ್ಪು ಮೇಲೇರುತ್ತದೆ, ಅದಕ್ಕೇ ನಾವು ನೀರು ಬಿಡುವುದಿಲ್ಲ ಅನ್ನೋದು. ನೀವು ಎಲ್ಲಿಯವರು ಅಂತ ಅವನು ಕೇಳಿದಾಗ ಅಪ್ಪ ನರಗುಂದ ಅನ್ನಲಿಲ್ಲ. "ಗದಗ" ಅಂದ. ಕಾರು ಹತ್ತಿದ ಮೇಲೆ ನನ್ನ ಕಿವಿಯಲ್ಲಿ, "ಮೂರೂ ಒಂಬತ್ತು ಟಿಎಂಸಿಗೆ ಎಷ್ಟ ಉಪ್ಪು ಏರ್ತೈತಿ, ಲೆಕ್ಕಾ ಹಾಕಾಕ ಬರ್ತೈತೇನು ನಿನಗ?" ಅಂತ ಕೇಳಿದ. ಬರುವುದಿಲ್ಲ ಅಂದೆ. "ಮತ್ತೇನ್ ಇಂಜಿನಿಯರ್ ಆದ್ಯೋ" ಅಂದ.

ವಾಪಸ್ ಬರುವ ರಾತ್ರಿ ಅವ್ವ ಯಾರನ್ನೂ ಕೇಳದೆ ತನ್ನ ಚೀಲ ತಂದು ಕಿಟಕಿಯ ರೂಮಿನಲ್ಲಿಟ್ಟಳು. ನಾನು ಕೆಳಗೆ ಕೌಂಟರಿಗೆ ಹೋಗಿ ಹೆಸರು ಬದಲಾಯಿಸಿಕೊಂಡು ಬಂದೆ, ಯಾವ ರೂಮಿನಲ್ಲಿ ಯಾರಿದ್ದಾರೆ ಅನ್ನೋದು ಅವರಿಗೆ ಗೊತ್ತಿರಬೇಕಲ್ಲ. ಒಳರೂಮಿನಲ್ಲಿ ನಾನು ಮಲಗಿದವನು ಬೆಳಿಗ್ಗೆ ಒಂಬತ್ತೂವರೆಗೆ ಎದ್ದೆ. ರಿಲೀಸ್, ಆನ್‌ಕಾಲ್ ಅಂತ ಒದ್ದಾಡುವ ನನ್ನಂಥವರಿಗೆ ಅಂಥ ಕತ್ತಲು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅಲ್ಲಿ ಕಡಿಮೆ ದುಡ್ಡಿಗೇ ಸಿಗುತ್ತದೆ ನೋಡಿ.

ಎದುರಿನ ರೂಮಿಗೆ ಹೋದರೆ ಪರದೆ ಪೂರ್ತಿ ತೆರೆದಿತ್ತು. ಅಪ್ಪ ಮಲಗಿದ್ದ. ಅವ್ವ ಕಿಟಕಿಗೆ ಆತುಕೊಂಡು ಕೂತು ಚಟ್ನಿ-ರೊಟ್ಟಿ ತಿನ್ನುತ್ತಿದ್ದಳು. ಎಡಗಡೆಯ ರೂಮಾದ್ದರಿಂದ ದಡದ ಸುಳಿವೇ ಇಲ್ಲ, ಎಲ್ಲಿ ನೋಡಿದರೂ ನೀರು.

"ಅದಕ್ಕ ಬಾಗಲಾ ಇರ್ತೈತಿ ಅಂದಿದ್ದೆಲ್ಲ," ಅಂದಳು, ಹೊರಗೆ ನೋಡುತ್ತಲೇ, "ಕುರ್ಚಿ ಹಾಕ್ಕೊಂಡು ಹೊರಗ ಕುಂದ್ರೂದು. ಅದು ಎಷ್ಟಂತ?"